ಹಣಮಂತ್ರಾಯರ ‘ಆತ್ರಿ’

ಹಣಮಂತ್ರಾಯರು ಸಿಂದಗಿ ಕಡೆಯವರು. ಮೂವತ್ತು ವರ್ಷದ ಹಿಂದೆ ಪುಣೆಗೆ ಬಂದು ಸೆಂಟ್ರಿಂಗ್ ಹಲಗೆ ಹೊತ್ತರು, ಆಮೇಲೆ ಹಲಗೆ ಹೊರುವವರ ಮೇಲೆ ಕಣ್ಣಿಟ್ಟರು, ಈಗ ಅಲ್ಲೇ ಪಕ್ಕದ ನಿಗಡಿಯಲ್ಲಿ ಏಳುತ್ತಿರುವ ನಮ್ಮ ಕಟ್ಟಡಕ್ಕೆ ಸೂಪರ್‌ವೈಸರ್. ನಾನು ಅದೇ ಸೈಟಿನ ಆಫೀಸಿನಲ್ಲಿ ಕಾಗದಪತ್ರ ನೋಡುವವ. ಅವರು ಕಟ್ಟಿದ್ದನ್ನು ನಾನು ವರದಿಯಲ್ಲಿ ಬರೆಯುವುದು. ಹೀಗೆ ಕುರ್ಚಿ ಬಿಟ್ಟೇಳದೆ ಒಂಬತ್ತು ಕಟ್ಟಡ ಮುಗಿಸಿದ್ದೇನೆ.

ಸೈಟಿನಲ್ಲಿ ರಾಯರದು ಮರಾಠಿ, ಹಿಂದಿ. ನನ್ನ ಮತ್ತು ಎಂಜಿನಿಯರ್ ಪ್ರಜ್ವಲನ ಜೊತೆ ಮಾತ್ರ ಕನ್ನಡ. ಪ್ರಜ್ವಲ ಉಡುಪಿ ಕಡೆಯ ಹೋಟೆಲಿನವರ ಮಗ. ಅವನು ಫೋನಿನಲ್ಲಿ ಏನು ಹೇಳಿದರೂ ರಾಯರ ಉತ್ತರ ಒಂದೇ: “ಆತ್ರಿ.” ಮಾಡುತ್ತೇನೆ ಅನ್ನುವುದಕ್ಕೂ ಆತ್ರಿ, ಮಾಡಿ ಮುಗಿಸಿದೆ ಅನ್ನುವುದಕ್ಕೂ ಆತ್ರಿ. ಯಾವುದು ಯಾವುದೆಂದು ದನಿಯಲ್ಲೇ ತಿಳಿಯುತ್ತಿತ್ತು. ತಿಳಿಯದಿದ್ದರೆ ಪ್ರಜ್ವಲ ಮೇಲೆ ಹತ್ತಿ ನೋಡಿ ಬರುತ್ತಿದ್ದ.

ಈ ಕಟ್ಟಡಕ್ಕೆ ಎಐ ಬಂತು. ನಮ್ಮ ಫೋನಿನ ಮಾತು ಕೇಳಿಸಿಕೊಂಡು, ಸಂಜೆಯೊಳಗೆ ತಾನೇ ಇಂಗ್ಲಿಷಿನಲ್ಲಿ ವರದಿ ಬರೆದು, ಮುಂದಿನ ಎರಡು ದಿನದ ಕೆಲಸ ಹಂಚಿಬಿಡುವ ಆ್ಯಪ್. ರಾಯರ ಫೋನಿಗೆ ಅದನ್ನು ಹಾಕಿಕೊಟ್ಟು, ಅದರ ಮಹಿಮೆ ಕುರಿತು ಅರ್ಧ ಗಂಟೆ ಕೊರೆದವ ನಾನೇ.

“ಅದs ಬರಿತದ ಅಂದ್ರ ಇನ್ನ ನೀವೇನ್ ಮಾಡ್ತೀರಿ ಸಾಹೇಬ್ರ?” ಎಂದು ರಾಯರು ಕೇಳಿದರು.

“ಅದು ಬರದದ್ದು ನೋಡ್ತೀನ್ರಿ,” ಅಂದೆ. ನೋಡಿದೆ, ಒಂದು ವಾರ. ಅದರ ಇಂಗ್ಲಿಷು ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅವಮಾನವಾಗಿ ಬಿಟ್ಟುಬಿಟ್ಟೆ.

ಮೊನ್ನೆ ಬುಧವಾರ ಬೆಳಿಗ್ಗೆ ರಾಯರು ಬಂದು ಫೋನನ್ನು ನನ್ನ ಮೇಜಿನ ಮೇಲಿಟ್ಟರು. “ಇದೇನ ಬರದದ, ಓದ್ರಿ.”

ಓದಿದೆ. ನಾಳೆ ಒಂಬತ್ತಕ್ಕೆ ನಾಲ್ಕನೇ ಸ್ಲ್ಯಾಬಿಗೆ ಕೊಟ್ಟಿರುವ ಆಧಾರದ ಜಾಕುಗಳನ್ನು ಬಿಚ್ಚುವುದು. ಹನ್ನೊಂದಕ್ಕೆ ರಂಗೂಬಾಯಿಯ ತಂಡ ಅದರಡಿ ಇಟ್ಟಿಗೆ ಸಾಗಿಸುವುದು. ಕ್ಯೂಬ್ ಪರೀಕ್ಷೆ ಮುಗಿದಿದೆ, ಫಲಿತಾಂಶ ತೃಪ್ತಿಕರ.

ಕ್ಯೂಬ್ ಎಂದರೆ, ಸ್ಲ್ಯಾಬಿಗೆ ಸುರಿಯುವ ಕಾಂಕ್ರೀಟಿನಲ್ಲೇ ಒಂದಿಷ್ಟು ತೆಗೆದು ಅಚ್ಚು ಹಾಕಿದ ಗಟ್ಟಿ. ಲ್ಯಾಬಿನವರು ಅದನ್ನು ಒತ್ತಿ ಒಡೆದು, ಎಷ್ಟು ಭಾರಕ್ಕೆ ಒಡೆಯಿತು ಎಂದು ಹೇಳುತ್ತಾರೆ. ಸ್ಲ್ಯಾಬಿನ ಬಲ ತಿಳಿಯುವುದು ಅದರಿಂದ.

“ಛಲೋ ಆತಲ್ರೀ,” ಅಂದೆ.

“ಬರ್ರಿ ನನ್ ಜೋಡಿ.”

ಲ್ಯಾಬಿಗೆ ಹೋಗುವ ತನಕ ಕ್ಯೂಬು ನೆನೆಸಿಡುವ ನೀರಿನ ತೊಟ್ಟಿಯ ತಳದಲ್ಲಿ ಆರೂ ಇಡಿಯಾಗಿ ಕೂತಿದ್ದವು. ಮೈಮೇಲೆ ರಾಯರೇ ಕೆಂಪು ಬಣ್ಣದಲ್ಲಿ ಬರೆದ ಸ್ಲ್ಯಾಬಿನ ಅಂಕಿ, ನಾಲ್ಕು. ವರದಿಯಲ್ಲಿ ಮಾತ್ರ ಇವುಗಳಲ್ಲಿ ಮೂರು ಒಡೆದುಹೋಗಿದ್ದವು. ಮೂರಕ್ಕೂ ಬೇರೆ ಬೇರೆ ಅಂಕಿ, ದಶಾಂಶ ಸಮೇತ.

ಪ್ರಜ್ವಲನನ್ನು ಕರೆದೆವು. ತೊಟ್ಟಿಯೊಳಗೆ ಬಗ್ಗಿ ನೋಡಿ, “ಕ್ಯೂಬ್ ಟೆಸ್ಟ್ ಮಾಡಿಸಿ ಅಂತ ಸೋಮವಾರ ಹೇಳಿದ್ದೆ. ನೀವೇ ಆತ್ರಿ ಅಂದದ್ದಲ್ವಾ ಮಾರಾಯ್ರೇ,” ಅಂದ.

“ಮಾಡಸ್ತೀನಿ ಅಂತ ಆತ್ರಿ ಅಂದೆ. ಲ್ಯಾಬಿನ ಗಾಡಿ ಬರಲೇ ಇಲ್ಲ.”

“ಅದು ಆ್ಯಪಿಗೆ ಹೇಗೆ ಗೊತ್ತಾಗ್ಬೇಕು?”

“ನಿಮಗ ಗೊತ್ತಾಗತಿತ್ತಲ್ರಿ. ಮದಲ ಮ್ಯಾಲ ಹತ್ತಿ ಬರ್ತಿದ್ರಿ.”

ಮರಾಠಿಯಲ್ಲಿ ಮಾತಾಡಿದ್ದರೆ ರಾಯರು ‘ಕರ್ತೋ’, ಮಾಡ್ತೀನಿ, ಅನ್ನುತ್ತಿದ್ದರು, ಬಚಾವಾಗುತ್ತಿದ್ದೆವು. ಹೊರನಾಡಿನಲ್ಲಿ ಕನ್ನಡವನ್ನೇ ಆಡಿ ಎಂದು ಇಲ್ಲಿನ ಕನ್ನಡ ಸಂಘದಲ್ಲಿ ವರ್ಷಕ್ಕೊಮ್ಮೆ ಭಾಷಣ ಮಾಡುವವ ನಾನು.

“ನಾಳಿನ ಕೆಲಸ ಹೆಡ್ಡಾಫೀಸಿಗೆ ಹೋಗಿಯಾಗಿದೆ,” ಅಂದ ಪ್ರಜ್ವಲ. “ಮುಂದೆ ಹಾಕಿದ್ರೆ ನನ್ನನ್ನೇ ಕೇಳ್ತಾರೆ. ಕೆಳಗಿನ ಮೂರು ಸ್ಲ್ಯಾಬಿಗೆ ಇದೇ ಕಾಂಕ್ರೀಟ್ ಅಲ್ವಾ? ಜಾಕ್ ತೆಗೆದು ಎಷ್ಟು ದಿನ ಆಯ್ತು, ನಿಂತಿಲ್ವಾ?”

“ಎಂಟು ಹೆಣ್ಮಕ್ಕಳನ್ನ ಅದರ ಬುಡಕ ಕಳಸವ ನಾನು. ಕ್ಯೂಬ್ ಒಡೀದs ಒಂದ್ ಜಾಕಿಗೂ ಕೈ ಹಚ್ಚಗೊಡಂಗಿಲ್ಲ.” ರಾಯರು ದನಿ ಏರಿಸಲಿಲ್ಲ. “ಮತ್ತ ಆ ಮೂರೂ ಸ್ಲ್ಯಾಬಿನ ಕ್ಯೂಬ್ ತಡಾ ಆದ್ರೂ ನಾನs ಲ್ಯಾಬಿಗೆ ಮುಟ್ಟಿಸೀನಿ. ಅವರ ರಿಪೋರ್ಟ್ ಏನ್ ಬಂದಾವ?”

ಇಬ್ಬರೂ ನನ್ನ ಕಡೆ ನೋಡಿದರು. ಲ್ಯಾಬಿನ ಇಮೇಲು ಬರುವುದು ನನಗೆ. ಅದು ಬರುವ ಮೊದಲೇ ಆ್ಯಪಿನ ವರದಿಯ ತಲೆಬರಹದಲ್ಲಿ ‘ತೃಪ್ತಿಕರ’ ಎಂದು ಕಣ್ಣಿಗೆ ಬಿದ್ದಿರುತ್ತಿತ್ತು. ಆದ ಪರೀಕ್ಷೆಯ ಕಾಗದ ಇನ್ನೊಮ್ಮೆ ಯಾಕೆ ತೆರೆಯುವುದು ಎಂದು ನಾನು ಒಂದನ್ನೂ ತೆರೆದಿರಲಿಲ್ಲ.

ಆಫೀಸಿಗೆ ಹೋಗಿ ತೆರೆದೆ. ಒಂದನೇ ಸ್ಲ್ಯಾಬು ಸರಿಯಿತ್ತು. ಎರಡನೆಯದನ್ನು ತೆರೆದು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ.

“ಎಷ್ಟ್ ಬರಬೇಕಾಗಿತ್ತು?” ರಾಯರು ಕೇಳಿದರು.

“ಇಪ್ಪತ್ತೈದು.”

“ಬಂದದ್ದು?”

“ಹದಿನಾಲ್ಕು.”

ಪ್ರಜ್ವಲ ನನ್ನ ಕುರ್ಚಿಯಲ್ಲಿ ಕೂತುಬಿಟ್ಟ. ಎರಡನೇ ಸ್ಲ್ಯಾಬಿನ ಜಾಕು ಬಿಚ್ಚಿ ತಿಂಗಳಾಗಿತ್ತು. ಅದರ ಮೇಲೆ ಇನ್ನೆರಡು ಸ್ಲ್ಯಾಬು ಏರಿದ್ದವು. ರಂಗೂಬಾಯಿಯ ತಂಡ ಆ ಹೊತ್ತಿನಲ್ಲಿ ಅದರಡಿಯಲ್ಲೇ, ಒಂದನೇ ಮಹಡಿಯಲ್ಲಿ, ಇಟ್ಟಿಗೆ ಪೇರಿಸುತ್ತಿತ್ತು.

ರಾಯರು ಆಗಲೇ ಹೊರಗಿದ್ದರು. “ರಂಗೂಬಾಯಿ, ಖಾಲಿ ಯಾ,” ಇಳಿದು ಬನ್ನಿ ಎಂದು ಮರಾಠಿಯಲ್ಲಿ ಕೂಗಿದರು. ಊಟಕ್ಕೆ ಇನ್ನೂ ಹೊತ್ತಿದೆಯಲ್ಲ, ಮುದುಕನಿಗೆ ಇಷ್ಟು ಬೇಗ ಹಸಿವೇ ಎಂದು ಮೇಲಿಂದ ಆಕೆ ನಕ್ಕಳು. ರಾಯರು ನಗಲಿಲ್ಲ. ಆಕೆ ಕೈಯಲ್ಲಿದ್ದ ಇಟ್ಟಿಗೆ ಕೆಳಗಿಟ್ಟು ಉಳಿದವರನ್ನು ಕರೆದಳು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು.

ನಾನೂ ಪ್ರಜ್ವಲನೂ ರಸ್ತೆಯ ಅಂಚಿಗೆ ಸರಿದು, ಕತ್ತೆತ್ತಿ ನಿಂತಿದ್ದೆವು. ಏಳು ಮಂದಿ ಇಳಿದು ಬಂದರು. ಎಂಟನೆಯವಳು ಹಿಂದಿನ ಕೋಣೆಯಲ್ಲಿದ್ದಾಳೆ, ಅವಳಿಗೆ ಕೇಳಿಸಿರಲಿಕ್ಕಿಲ್ಲ ಎಂದಳು ರಂಗೂಬಾಯಿ. ರಾಯರು ಒಳಗೆ ಹೋದರು.