ಹಲ್ಲಿಗೆ ಸಿಕ್ಕ ಸಾಬೂನು

ಪಾಕೀಟು ಹರಿಯಲು ಕತ್ತರಿ ಹುಡುಕುವವರನ್ನು ನಾನು ನಮ್ಮೂರು ರೋಣದಲ್ಲಿ ಕಂಡಿಲ್ಲ. ಶಾಂಪೂ ಇರಲಿ, ಉಪ್ಪಿನಕಾಯಿ ಇರಲಿ, ಮೂಲೆ ನೇರ ಹಲ್ಲಿಗೆ ಹೋಗುತ್ತದೆ. ನಾನೂ ಅದೇ ಪಂಗಡದವನು. ದಿನವಿಡೀ ಕತ್ತರಿ ಹಿಡಿದು ರವಿಕೆ ಹೊಲಿಯುವ ನಮ್ಮಕ್ಕನೂ ಹೊರತಲ್ಲ. ಬಟ್ಟೆಯ ಕತ್ತರಿ ಪ್ಲಾಸ್ಟಿಕ್ಕಿಗೆ ತಾಗಿದರೆ ಮೊಂಡಾಗುತ್ತದೆ ಎಂಬುದು ಅವಳ ಶಾಸ್ತ್ರ. ಹಲ್ಲಿಗೆ ಅಂಥ ಶಾಸ್ತ್ರವಿಲ್ಲ.

ಅವಳು ಕೊಂಡ ವಾಷಿಂಗ್ ಮಷಿನ್ ಜೊತೆ ಅಂಗಡಿಯವರು ಒಂದು ಡಬ್ಬಿ ಪುಕ್ಕಟೆ ಕೊಟ್ಟಿದ್ದರು. ಒಳಗೆ ಪಾಡ್‌ಗಳು: ತೆಳು ಹಾಳೆಯಲ್ಲಿ ಸಾಬೂನಿನ ದ್ರವ ತುಂಬಿದ, ಮಿಠಾಯಿಯಂತೆ ಕಾಣುವ ನೀಲಿ ಗುಳಿಗೆಗಳು. ಒಣ ಕೈಯಿಂದ ಇಡಿಯಾಗಿ ಡ್ರಮ್ಮಿನ ತಳಕ್ಕೆ ಹಾಕಿ ಮೇಲೆ ಬಟ್ಟೆ ತುಂಬಬೇಕು, ಹಾಳೆ ನೀರಿನಲ್ಲಿ ತಾನೇ ಕರಗುತ್ತದೆ. ಹಾಗಂತ ಡಬ್ಬಿಯ ಮೇಲೆ ಬರೆದಿತ್ತು, ಇರುವೆ ಗಾತ್ರದ ಇಂಗ್ಲಿಷಿನಲ್ಲಿ. ಅಕ್ಕ ಅದನ್ನು ಓದದೆ, ಪಾಡನ್ನೂ ಪಾಕೀಟೆಂದೇ ತಿಳಿದು ಎಂದಿನಂತೆ ಕಚ್ಚಿದಳು. ದ್ರವ ಚಿಮ್ಮಿ ಬಲಗಣ್ಣಿಗೆ ಹೊಡೆಯಿತು.

ಅವಳ ಅನ್ನ ಇರುವುದೇ ಕಣ್ಣಿನಲ್ಲಿ. ಪಕ್ಕದ ಮನೆಯ ಮಾಬೂಬಿ ಹರಳೆಣ್ಣೆ ಹಿಡಿದು ಓಡಿಬಂದಳು. ನಾನು ವೈದ್ಯರಿಗೆ ಫೋನ್ ಹಚ್ಚಿದೆ. ಗೊತ್ತಿಲ್ಲದ್ದನ್ನು ಗೊತ್ತಿದ್ದವರನ್ನು ಕೇಳು ಎಂಬುದಷ್ಟೇ ಪತ್ರಿಕೆಯ ಕೆಲಸ ನನಗೆ ಕಲಿಸಿದ್ದು.

“ಎಣ್ಣಿ, ಹಾಲು ಏನೂ ಬ್ಯಾಡ್ರಿ. ರೆಪ್ಪಿ ತೆರದು ಕಾಲು ತಾಸು ನಳದ ನೀರು ಬಿಡ್ರಿ. ಬಾಯಿನೂ ಮುಕ್ಕಳಿಸ್ಲಿ. ಆಮ್ಯಾಲೆ ಲಗೂ ಕರ್ಕೊಂಡು ಬರ್ರಿ,” ಎಂದರು ಅವರು.

ಮಾಬೂಬಿ ರೆಪ್ಪೆ ಹಿಡಿದಳು, ನಾನು ನೀರು ಬಿಟ್ಟೆ. “ಹಲ್ಲು ಗಟ್ಟಿ ಅದಾವಂತ ಸಿಕ್ಕಿದ್ದೆಲ್ಲಾ ಕಡೀತಿ ಏನವಾ,” ಎಂದು ಆಕೆ ಗೊಣಗುತ್ತಿದ್ದರೆ, ಅಕ್ಕ ಮಾತ್ರ ಹೊಲಿಗೆಗೆ ಬಂದ ಮದುವೆಯ ರವಿಕೆಗಳ ಗತಿ ಏನೆಂದು ಕೇಳುತ್ತಿದ್ದಳು.

ದವಾಖಾನೆಯಲ್ಲಿ ದೀಪ ಹಿಡಿದು ನೋಡಿದ ವೈದ್ಯರು, ಮೇಲ್ಪದರವಷ್ಟೇ ಸುಟ್ಟಿದೆ, ನೀರು ಬಿಟ್ಟದ್ದು ಚಲೋ ಆಯಿತು ಎಂದರು. ಅವರು ಕೊಟ್ಟ ಕಣ್ಣಿನ ಹನಿ ಔಷಧ ಮುಗಿದ ಮೇಲೆ ಅಕ್ಕ ಎಡಗಣ್ಣು ಮುಚ್ಚಿಕೊಂಡು ಗುಂಡಿಯ ಒಂದು ಕಾಜಾ ಹೊಲಿದಳು. ನೇರವಾಗಿತ್ತು.

ಉಳಿದ ಪಾಡ್‌ಗಳನ್ನು ಈಗ ಡಬ್ಬಿಯಲ್ಲಿ ಹೇಳಿದಂತೆಯೇ ಬಳಸುತ್ತಾಳೆ. ದೊಡ್ಡ ಪ್ಲಾಸ್ಟಿಕ್ ಬಾಟಲಿ ಬೇಕಾಗುವುದಿಲ್ಲ, ಅಳತೆ ಮೀರುವುದಿಲ್ಲ, ಅದು ಅವುಗಳ ಗುಣ. ಆದರೆ ನಮ್ಮಲ್ಲಿ ನೀರು ಚೆಲ್ಲುವ ರೂಢಿಯಿಲ್ಲ. ಮಷಿನ್ನಿನ ಪೈಪು ಹಿತ್ತಲಿನ ನಿಂಬೆ ಗಿಡಕ್ಕೆ ಹೋಗುತ್ತದೆ. ನೀರಿನ ಜೊತೆ ಹೋಗುವ ಪಾಡ್‌ನ ಹಾಳೆ ಮಣ್ಣಿನಲ್ಲಿ ಪೂರ್ತಿ ಕೊಳೆಯುತ್ತದೋ ಇಲ್ಲವೋ ಎಂಬುದರಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ ಎಂದು ಎರಡೂ ಕಡೆಯ ವಾದವನ್ನು ಅಕ್ಕನಿಗೆ ವರದಿ ಮಾಡಿದೆ. ನೀರಿನಲ್ಲಂತೂ ಕರಗುತ್ತದೆ ಎಂದೂ ಸೇರಿಸಿದೆ.

“ನನ್ನ ಕಣ್ಣಾಗ ಬಿದ್ದದ್ದೂ ನೀರಾಗ ಕರಗೂದ ಇತ್ತಲ್ಲೋ ತಮ್ಮಾ, ಸುಡದ ಬಿಟ್ಟಿತೇನು?” ಎಂದಳು.

ಪೈಪನ್ನು ಗಿಡದ ಬುಡದಿಂದ ಎತ್ತಿ ಗಟಾರದ ಕಡೆ ತಿರುಗಿಸಿದಳು. ಗಟಾರ ಹಳ್ಳಕ್ಕೆ, ಹಳ್ಳ ಹೊಳೆಗೆ ಹೋಗುತ್ತದೆ ಎಂಬುದು ಅವಳಿಗೂ ಗೊತ್ತು. ಎತ್ತ ಬಿಡುವುದೆಂದು ತಿಳಿಯದೆ, ಪೈಪನ್ನು ಕೈಯಲ್ಲೇ ಹಿಡಿದು ನಿಂತಳು.