ಟೈರು ಭಟ್ಟಿಯ ರೂಪಜೀ

ರೂಪಜೀ ಕುಡಿದಿದ್ದ ಎಂದು ಕಂಪನಿಯವರು ಬರೆದ ಕಾಗದವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆರು ವರ್ಷವಾಯಿತು. ಬರೆದವನ ಮುಖ ನೆನಪಾದರೆ ಈಗಲೂ ಮುಷ್ಟಿ ಬಿಗಿಯುತ್ತದೆ. ನನ್ನ ಜೊತೆ ದುಡಿದ ಈ ರೂಪಜೀ ದುಮಾಡಾ, ಮದುವೆಮನೆಯಲ್ಲಿ ಕುಡಿಯುತ್ತಿದ್ದ, ಹೋಳಿ ಹಬ್ಬಕ್ಕೆ ಕುಡಿಯುತ್ತಿದ್ದ, ಇಲ್ಲವೆನ್ನುವುದಿಲ್ಲ. ಆದರೆ ಡ್ರಮ್ಮಿನ ಬಾಗಿಲು ತೆರೆಯುವ ದಿನ ಅವನು ಹೆಂಡ ಇಳಿಸುವ ತಾಡಿ ಮರದ ಕೆಳಗೂ ಹಾಯುತ್ತಿರಲಿಲ್ಲ.

ವಾಡಾ ಊರಿನ ಕಡೆಯ ನಮ್ಮ ಭಟ್ಟಿಯಲ್ಲಿ ಎರಡಾಳೆತ್ತರದ ಕಬ್ಬಿಣದ ಡ್ರಮ್ಮು. ಹತ್ತು ಟನ್ ಹಳೆಯ ಟೈರು ತುರುಕಿ, ಬಾಗಿಲಿಗೆ ಬೋಲ್ಟು ಬಿಗಿದು, ಕೆಳಗೆ ಬೆಂಕಿ ಹಾಕುತ್ತಿದ್ದೆವು. ಗಾಳಿ ಸೇರದಂತೆ ಬೇಯಬೇಕು. ಕೊಳವೆಯಲ್ಲಿ ಇಳಿದ ಎಣ್ಣೆ ಡಾಂಬರು ಕಾಯಿಸುವವರಿಗೆ, ಒಳಗುಳಿದ ಕರಿಪುಡಿ ಇಟ್ಟಿಗೆ ಗೂಡಿಗೆ, ತಂತಿ ಕಬ್ಬಿಣ ಕರಗಿಸುವವರಿಗೆ. ಟೈರಿನಲ್ಲಿ ಎಸೆಯುವಂಥದ್ದು ಏನೂ ಇಲ್ಲ ಎಂದು ರೂಪಜೀ ತನ್ನ ಹೊಲದ ಬೆಳೆಯ ಮಾತೆಂಬಂತೆ ಹೇಳುತ್ತಿದ್ದ.

ಬೆಂಕಿ ಆರಿಸಿದ ಮೇಲೆ ಡ್ರಮ್ಮು ತಣಿಯುವವರೆಗೆ ಬಾಗಿಲು ತೆರೆಯಬಾರದು. ಒಳಗೆ ಕಾವಿದ್ದಾಗ ಗಾಳಿ ನುಗ್ಗಿದರೆ ಪುಡಿ, ಗ್ಯಾಸು ಎರಡೂ ಭುಗಿಲೇಳುತ್ತವೆ. ಕಾವು ತೋರಿಸುವ ಮುಳ್ಳು ಮೂರು ತಿಂಗಳಿಂದ ಕೆಟ್ಟು ನಿಂತಿತ್ತು. ರೂಪಜೀಯ ಕೈಯೇ ನಮ್ಮ ಮುಳ್ಳು. ಬಾಗಿಲ ಪಕ್ಕ ಡ್ರಮ್ಮಿನ ಹೊಟ್ಟೆಗೆ ಹಿಂಗೈ ಒತ್ತಿ ಇಪ್ಪತ್ತು ಎಣಿಸುತ್ತಿದ್ದ. ಕೈ ತಾಳಿದರೆ ಮಾತ್ರ ಪಾಳಿಯವನು ಸ್ಪ್ಯಾನರ್ ಎತ್ತಬೇಕು. ನಡುವೆ ಯಾರಾದರೂ ಮಾತಾಡಿದರೆ ಮತ್ತೆ ಒಂದರಿಂದ ಶುರು. ಮುಳ್ಳು ಸರಿಯಿದ್ದಾಗಲೂ ಅವನು ಕೈಯಿಟ್ಟೇ ನೋಡುತ್ತಿದ್ದ; ಹನ್ನೊಂದು ವರ್ಷ ಆ ಕೈ ತಪ್ಪಿರಲಿಲ್ಲ.

ಅವನ ಹೆಂಡತಿ ವನ್ಸಿ ಅಲ್ಲೇ ಕೊಕ್ಕೆ ಹಾಕಿ ತಂತಿ ಎಳೆಯುತ್ತಿದ್ದಳು. "ಹೆಂಡ್ತೀನ್ನ ಇಷ್ಟೊತ್ತು ಮುಟ್ಟಿ ನೋಡಿಲ್ಲ ಈ ಗಂಡಸು!" ಎಂದು ಎಲ್ಲರೆದುರು ನಗುತ್ತಿದ್ದಳು.

"ನೀ ಯಾವತ್ತು ತಣ್ಣಗಾಗೀದಿಯೇ ಮುಟ್ಟಾಕ?" ಎನ್ನುತ್ತಿದ್ದ ಅವನು. ಎಣಿಕೆ ಮತ್ತೆ ಒಂದರಿಂದ.

ಆ ಜೂನಿನ ಗಾಳಿಗೆ ಡ್ರಮ್ಮಿನ ಬಾಗಿಲ ಮೇಲಿನ ತಗಡು ಹಾರಿಹೋಯಿತು. ಎರಡು ದಿನ ಮಳೆ ನೇರ ಕಬ್ಬಿಣದ ಮೇಲೆಯೇ ಸುರಿಯಿತು. ಮೂರನೆಯ ಬೆಳಿಗ್ಗೆ ಬಾಗಿಲಿನ ಪಾಳಿ ನನ್ನದು. ಹೊರಗೆ ಟೈರಿನ ಲಾರಿ ಬಂದು ನಿಂತಿತ್ತು. ನಮ್ಮಿಂದ ಕೆಲಸ ಮಾಡಿಸುವ ಮುಕಾದಮ ವಾಮನ್ ಕೊಡೆ ಹಿಡಿದು ಬಂದ.

"ಇನ್ನೂ ತಗದಿಲ್ಲೇನಲೇ ಗಜ್ಯಾ? ಡ್ರಮ್ಮಿಗೆ ಮುಹೂರ್ತ ನೋಡಾಕತ್ತೀಯೇನು?"

"ಮೊದ್ಲು ತಗಡು ಹಾಕಸ್ರಿ. ಮುಳ್ಳು ರಿಪೇರಿ ಮಾಡಸ್ರಿ. ಆಮೇಲೆ ಮುಹೂರ್ತ."

"ನಾಲ್ಕನೇ ಕ್ಲಾಸು ಕಲ್ತಾಂವ ನನಗ ಇಂಜಿನಿಯರಿಂಗ್ ಹೇಳಾಕ ಬಂದ ನೋಡ್ರಪ್ಪಾ!"

ನನ್ನ ಸಿಟ್ಟು ನೆತ್ತಿಗೇರಿತು. ಸ್ಪ್ಯಾನರನ್ನು ಅವನ ಕಾಲ ಬಳಿ ಬೀಸಿ ಒಗೆದೆ. "ನಿಮ್ಮಪ್ಪನ ಕೈಲೆ ತಗಸು" ಎಂದು ಹೊರಟೆ.

ಹಿಂದಿನಿಂದ ರೂಪಜೀ ಕೂಗಿದ: "ಲೇ, ನಿನ್ನ ಸಿಟ್ಟಿನ ಮ್ಯಾಲೆ ಚಾ ಕಾಸಬಹುದಲೇ! ಹೋಗು, ಕುಡ್ದು ಬಾ. ನಿನ್ನ ಬಾಗ್ಲ ನಾ ತಗೀತೀನಿ. ಒಂದು ಬಾಗ್ಲ ಬಾಕಿ, ನೆನಪಿರ್ಲಿ."

ನಮ್ಮಲ್ಲಿ ಅದೇ ರೂಢಿ. ಒಬ್ಬನ ಬಾಗಿಲು ಇನ್ನೊಬ್ಬ ತೆರೆದರೆ ತಿರುಗಿ ಅವನಿಗೊಂದು ಬಾಗಿಲು ತೆರೆದುಕೊಡಬೇಕು. ಅದರ ಬದಲಿಗೆ ದುಡ್ಡು ಕೊಟ್ಟರೆ ಯಾರೂ ಮುಟ್ಟುವುದಿಲ್ಲ.

ನನ್ನ ಚಹಾ ಅರ್ಧವೂ ಆಗಿರಲಿಲ್ಲ. ಅಂಗಡಿಯ ಗ್ಲಾಸುಗಳೆಲ್ಲ ಒಮ್ಮೆಲೇ ನಡುಗಿದವು.

ನಡೆದದ್ದನ್ನು ಹೇಳಿದವಳು ವನ್ಸಿ. ಅವನು ಎಂದಿನಂತೆ ಹಿಂಗೈ ಒತ್ತಿದ. ಇಪ್ಪತ್ತು ಎಣಿಸಿದ. "ಕಲ್ಲಿನಂಗ ತಣ್ಣಗೈತಿ" ಎಂದ. ಬೋಲ್ಟು ಬಿಚ್ಚುತ್ತಲೇ ಬೆಂಕಿ ಅವನ ಮುಖಕ್ಕೇ ನುಗ್ಗಿತು. ಕೈ ಸುಳ್ಳು ಹೇಳಿರಲಿಲ್ಲ. ಮಳೆ ಹೊರಗಿನ ಕಬ್ಬಿಣವನ್ನಷ್ಟೇ ತಣಿಸಿತ್ತು. ಕರಿಪುಡಿಯ ಹೊಟ್ಟೆಯೊಳಗೆ ಕಾವು ಹಾಗೆಯೇ ಕುಳಿತಿತ್ತು. ಇದು ಅವನಿಗೆ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ. ನಾನು ತಗಡು ಕೇಳಿದ್ದು ಮಳೆಯಲ್ಲಿ ನೆನೆಯುತ್ತೇವೆ ಎಂದಷ್ಟೇ.

ಆಸ್ಪತ್ರೆಯಲ್ಲಿ ಎರಡು ದಿನ ಇದ್ದ. ಬಟ್ಟೆ ಸುತ್ತಿದ ಮುಖದಲ್ಲಿ ತುಟಿ ಮಾತ್ರ ಕಾಣುತ್ತಿತ್ತು. ಅವನು ಕೇಳಿದ್ದು ಒಂದೇ ಮಾತು: "ಇಪ್ಪತ್ತು ಎಣಿಸಿದ್ದೆ ಅಲ್ಲೇನೇ?"

"ಎಣಿಸಿದ್ರಿ. ನಾ ಕೇಳೀನಿ" ಎನ್ನುತ್ತಿದ್ದಳು ವನ್ಸಿ.

ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳುತ್ತಿದ್ದ. ಮೂರನೆಯ ದಿನ ಬೆಳಿಗ್ಗೆ ಕೇಳಲಿಲ್ಲ.

ಕುಡಿದು ತಾನೇ ಬಾಗಿಲು ತೆರೆದ ಎಂದು ಕಂಪನಿ ಕಾಗದ ಕೊಟ್ಟಿತು. ಸರ್ಕಾರಿ ಸಾಹೇಬರ ವಿಚಾರಣೆಗೆ ವನ್ಸಿಯ ಜೊತೆ ನಾನೂ ಹೋದೆ.

"ಕುಡ್ದಿರ್ಲಿಲ್ರೀ ಸಾಹೇಬ್ರ" ಎಂದಳು ಅವಳು. "ಇಪ್ಪತ್ತು ಎಣಿಸ್ಯಾರ."

"ನೀನು ಹೆಂಡ್ತಿ, ಹಾಗೇ ಹೇಳ್ತೀಯ. ಬೇರೆ ಯಾರು ನೋಡಿದ್ರು?"

ವನ್ಸಿ ನನ್ನ ಕಡೆ ನೋಡಿದಳು. ನಾನು ಮೇಜು ಗುದ್ದಿ ಕೂಗಾಡಿದೆ. ಅವನಂಥವನ ಮೇಲೆ ಇಂಥ ಮಾತು ಹಾಕುವವರ ನಾಲಿಗೆ ಸೇದಿಹೋಗಲಿ ಎಂದೆ. ಸಾಹೇಬರು ನನ್ನ ಕೂಗು ಮುಗಿಯುವವರೆಗೆ ಕಾದರು.

"ನೀನು ಡ್ರಮ್ಮಿನ ಹತ್ರ ಇದ್ದೆಯೇನಪ್ಪಾ?"

"ಇಲ್ಲ."

"ಎಲ್ಲಿದ್ದೆ?"

"ಚಾದಂಗಡ್ಯಾಗ."

ಅವರು ಕಡತ ಮುಚ್ಚಿದರು. ಪಾಳಿ ಯಾರದಿತ್ತು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ವನ್ಸಿ ಗಂಟು ಬಿಚ್ಚಿ ರಾಗಿಯ ಭಾಕರಿ ಮುರಿದಳು. ಅರ್ಧ ನನ್ನ ಕೈಗಿಟ್ಟಳು. ಪಾಳಿ ಯಾರದೆಂದು ಅವಳಿಗೆ ಗೊತ್ತಿತ್ತು. ಆ ಮಾತನ್ನು ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈಯಬಹುದಿತ್ತು.

ಕಾಗದದಲ್ಲಿ ರೂಪಜೀ ಇನ್ನೂ ಕುಡುಕನೇ. ನಾನು ಬೇರೆ ಭಟ್ಟಿಗೆ ಹೋದೆ. ಅಲ್ಲಿ ನೂರಾರು ಬಾಗಿಲು ತೆರೆದಿದ್ದೇನೆ. ಅವೆಲ್ಲ ನನ್ನ ಪಾಳಿಯವು. ಅವನದೊಂದು ಇನ್ನೂ ಬಾಕಿ.