ಹಿಂದಿರುಗಬೇಕಿದ್ದ ಆರು ಡಬ್ಬಗಳು

ಆ ವರ್ಷ ಕ್ರಿಸ್ಮಸ್‌ಗೆ ನಾನು ಇದ್ದಕ್ಕಿದ್ದಂತೆ ಪರಿಸರ ಪ್ರೇಮಿಯಾದೆ. ಕಾರಣ ಪರಿಸರವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕೊಲ್ಲಿ ದೇಶದ ಮುಸಫ್ಫಾದ ಫ್ಲ್ಯಾಟಿನಲ್ಲಿ ಒಂಬತ್ತು ವರ್ಷ ನನ್ನ ಜೊತೆಗಿದ್ದ ಗೆಳತಿ, ನಮ್ಮ ಆಸ್ಪತ್ರೆಯಲ್ಲೇ ನರ್ಸ್, ಆಗಷ್ಟೇ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗಿದ್ದಳು. ಅವಳಿದ್ದಾಗ ಡಿಸೆಂಬರ್ ಬಂತೆಂದರೆ ನಾನು ಹಿಟ್ಟು ನಾದುವುದು, ಅವಳು ಫೋರ್ಕಿನ ಬೆನ್ನಿಗೆ ಒತ್ತಿ ಕಿಡಿಯೊ ಎಂಬ ಸಿಹಿತಿಂಡಿಯ ಸುರುಳಿ ಮಾಡುವುದು, ಇಬ್ಬರೂ ಜಗಳವಾಡುತ್ತ ಎಣ್ಣೆಯಲ್ಲಿ ಕರಿಯುವುದು. ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತುಂಬಿ ನಮ್ಮ ಮಹಡಿಯ ಉಳಿದ ಆರೂ ಮನೆಗಳಿಗೆ ಹಂಚುತ್ತಿದ್ದೆವು. ಡಬ್ಬಿಗಳು ಮರುದಿನ ಕಸದ ತೊಟ್ಟಿ ಸೇರುತ್ತಿದ್ದವು, ನಾವೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವಳು ಹೋದ ಮೇಲೆ ನನ್ನ ಮನೆಯ ಬೆಲ್ ಒತ್ತುವವನು ನೀರಿನ ಕ್ಯಾನ್ ತರುವವನೊಬ್ಬನೇ. ಅವನೂ "ಪಾನಿ" ಎಂಬುದರ ಆಚೆಗೆ ಮಾತಾಡಿದವನಲ್ಲ.

ಊರಿನಲ್ಲಿ ಕ್ರಿಸ್ಮಸ್ ತಿಂಡಿಗಳನ್ನು, ನಮ್ಮ ಕುಸ್ವಾರನ್ನು, ತಟ್ಟೆಯಲ್ಲಿ ಜೋಡಿಸಿ ಬಟ್ಟೆ ಮುಚ್ಚಿ ನೆರೆಮನೆಗೆ ಕಳಿಸುತ್ತಿದ್ದರು. ತಟ್ಟೆ ಖಾಲಿ ಹಿಂದೆ ಬರುವಂತಿಲ್ಲ. ಏನೂ ಇಲ್ಲದವರೂ ಒಂದು ಮುಷ್ಟಿ ಸಕ್ಕರೆ ಹಾಕಿ ತರುತ್ತಿದ್ದರು. ತಂದವರು ಸುಮ್ಮನೆ ಹೋಗುವುದುಂಟೇ? ಅರ್ಧ ಗಂಟೆ ಕೂತು, ಊರವರ ಸುದ್ದಿಯನ್ನೆಲ್ಲ ಹೇಳಿಯೇ ಏಳುತ್ತಿದ್ದರು. ನನಗೆ ಬೇಕಿದ್ದದ್ದು ಆ ಅರ್ಧ ಗಂಟೆ.

ಹಾಗಾಗಿ ರಜೆಯ ದಿನ ಬಸ್ಸು ಹತ್ತಿ ದುಬೈಗೆ ಹೋಗಿ ದೇರಾದ ಪಾತ್ರೆ ಅಂಗಡಿಯಲ್ಲಿ ಆರು ಸ್ಟೀಲ್ ಡಬ್ಬ ಕೊಂಡೆ. ಅಂಗಡಿಯವನು ಮಿರಿಮಿರಿ ಮಿಂಚುವ ಗಿಫ್ಟ್ ಪೇಪರ್ ತೋರಿಸಿದ. "ಮಾಫಿ" ಎಂದೆ, ಅಲ್ಲಿಯ ಮಾತಿನಲ್ಲಿ ಬೇಡ ಎಂದು. ಅಮ್ಮನ ಪಾತ್ರೆಗಳ ಮೇಲೆಲ್ಲ ಹೆಸರು ಕೊರೆದಿರುತ್ತಿತ್ತು. ನಾನು ಡಬ್ಬಗಳ ತಳದಲ್ಲಿ ಕೆಂಪು ನೈಲ್ ಪಾಲಿಶ್‌ನಿಂದ ನನ್ನ ಫ್ಲ್ಯಾಟ್ ನಂಬರ್ ಬರೆದೆ. ಹಳೆಯ ಕಾಟನ್ ದುಪಟ್ಟಾ ಕತ್ತರಿಸಿ ಗಂಟು ಕಟ್ಟಿದೆ. ಕಿಡಿಯೊ ಒಬ್ಬಳೇ ಒತ್ತಿದೆ, ಅರ್ಧಕ್ಕರ್ಧ ಸೊಟ್ಟ.

"ಈ ಸಲ ಪ್ಲಾಸ್ಟಿಕ್ ಇಲ್ಲ, ಪರಿಸರವನ್ನೂ ನೋಡ್ಬೇಕಲ್ಲ," ಎಂದು ಪ್ರತಿ ಬಾಗಿಲಲ್ಲೂ ಭಾಷಣ ಬಿಗಿದೆ. ಡಬ್ಬ ವಾಪಸ್ ಕೊಡಿ ಎಂದು ಮಾತ್ರ ಹೇಳಲಿಲ್ಲ. ಹೇಳಿ ಮಾಡಿಸುವ ವಿಷಯವೇ ಅದು?

ಒಂದು ವಾರ ಡ್ಯೂಟಿ ಬದಲಿಸಿಕೊಂಡು ಸಂಜೆ ಮನೆಯಲ್ಲೇ ಉಳಿದೆ. ಒಳ್ಳೆಯ ಕಪ್ಪುಗಳನ್ನು ತೊಳೆದಿಟ್ಟೆ. ಬೆಲ್ ಆಗಲಿಲ್ಲ. ವಾಟ್ಸ್ಯಾಪ್‌ನಲ್ಲಿ ಹಸಿರು ಎಲೆಗಳು ಬಂದವು, ಕೈಮುಗಿದ ಚಿತ್ರಗಳು ಬಂದವು. ಪಕ್ಕದ ಮನೆಯವಳು, "ಸೂಪರ್ ಗಿಫ್ಟ್ ಆಂಟಿ, ಡಬ್ಬ ತುಂಬಾ ಯೂಸ್ ಆಗ್ತಿದೆ" ಎಂದು ಬರೆದಳು. ಆಗ ತಲೆಗೆ ಹೊಳೆಯಿತು. ಡಬ್ಬವೇ ಉಡುಗೊರೆ ಎಂದು ಎಲ್ಲರೂ ತಿಳಿದಿದ್ದರು! ಮರುದಿನ ಲಿಫ್ಟಿನಲ್ಲಿ ಅವಳ ಮಗಳು ಅದನ್ನೇ ಹಿಡಿದು ನಿಂತಿದ್ದಳು. "ಇಟ್ಸ್ ಮೈ ಸ್ನ್ಯಾಕ್ ಬಾಕ್ಸ್, ಆಂಟಿ." ತಳದಲ್ಲಿ ನನ್ನ ಕೆಂಪು ನಂಬರ್ ಕಾಣುತ್ತಿತ್ತು.

ಒಂದು ಡಬ್ಬವೂ ಕಸಕ್ಕೆ ಹೋಗಲಿಲ್ಲ. ಪರಿಸರದ ಮಟ್ಟಿಗೆ ನಾನು ಗೆದ್ದಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ನಕ್ಕೆ, ಆಮೇಲೆ ಸಿಟ್ಟು ಬಂತು, ಆಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ.

ಜನವರಿಯ ಒಂದು ಸಂಜೆ ಬೆಲ್ ಆಯಿತು. ಕಾರಿಡಾರಿನ ಕೊನೆಯ ಮನೆಯ ಬ್ಯಾರಿ ಹೆಂಗಸು, ನಮ್ಮ ಕರಾವಳಿಯವರೇ, ಕೈಯಲ್ಲಿ ಡಬ್ಬ.

"ತಡ ಆಯ್ತು ಬಾಯಮ್ಮ. ಖಾಲಿ ಕೊಡ್ಲಿಕ್ಕೆ ಆಗ್ತದಾ? ಸಕ್ಕರೆ ಹಾಕಿದ್ದೇನೆ. ಬೇರೆ ಎಲ್ಲ ಪ್ಯಾಕ್ ಆಗಿದೆ."

"ಪ್ಯಾಕಾ? ಎಂತಕ್ಕೆ?"

"ನಮ್ಮವರ ಕೆಲಸ ಖಲಾಸ್. ನಾಡಿದ್ದು ಉಳ್ಳಾಲಕ್ಕೆ ಹೋಗುದು."

ಡಬ್ಬ ಕೈಗೆ ತೆಗೆದುಕೊಂಡು ಬಾಗಿಲಲ್ಲೇ ನಿಂತೆ. ಆ ಮಹಡಿಯಲ್ಲಿ ಪದ್ಧತಿ ಗೊತ್ತಿದ್ದ ಒಬ್ಬರೇ ಒಬ್ಬರು ಹೊರಟು ನಿಂತಿದ್ದರು. ಅವರೇ ನನ್ನ ತೋಳು ಹಿಡಿದು ಒಳಗೆ ಬಂದು ಕೂತರು. ಅವರು ತಂದ ಸಕ್ಕರೆಯಲ್ಲೇ ಚಹಾ ಮಾಡಿದೆ. ಅರ್ಧ ಗಂಟೆಯಲ್ಲ, ಒಂದೂವರೆ ಗಂಟೆ ಮಾತಾಡಿದೆವು. ಇಷ್ಟು ವರ್ಷ ಎಲ್ಲಿದ್ದೆವೋ ಇಬ್ಬರೂ.

ಅವರು ಎದ್ದಾಗ ಉಳಿದಿದ್ದ ಕುಸ್ವಾರನ್ನೆಲ್ಲ ಅದೇ ಡಬ್ಬಕ್ಕೆ ತುಂಬಿದೆ.

"ಅಯ್ಯೋ, ಮತ್ತೆ ಡಬ್ಬ ವಾಪಸ್ ಕೊಡುದು ಹೇಗೆ?"

ಇಟ್ಟುಕೊಳ್ಳಿ ಎನ್ನಬಹುದಿತ್ತು. "ನಾನೇ ಬಂದು ತಗೊಳ್ತೇನೆ. ಖಾಲಿ ಕೊಡ್ಬೇಡಿ ಮತ್ತೆ," ಎಂದೆ.

ಆಮೇಲೆ ಎರಡು ಸಲ ಊರಿಗೆ ಹೋದೆ. ಎರಡು ಸಲವೂ ನದಿಯಾಚೆಗಿನ ಉಳ್ಳಾಲದ ಕಡೆಗೆ ಸೇತುವೆ ದಾಟಲಿಲ್ಲ. ಆಗೀಗ ಅವರ ಮೆಸೇಜ್ ಬರುತ್ತದೆ: "ಡಬ್ಬ ಇಲ್ಲೇ ಉಂಟು, ಯಾವಾಗ ಬರುದು?" ಮುಂದಿನ ಸಲ ಎಂದು ಬರೆಯುತ್ತೇನೆ. ತಂದುಬಿಟ್ಟರೆ ಅವರು ಮತ್ತೆ ಕೇಳುವುದಿಲ್ಲವಲ್ಲ.